ಎಣಿಕೆ ತಪ್ಪಿದ ಮಳೆಗಾಲ

ಮಳೆಗಾಲ ಹತ್ತಿ ಹೊಳೆಯ ನೀರು ಕೆಂಪಾಯಿತೆಂದರೆ ನಮ್ಮ ಹುಕ್ಕೇರಿಯ ನಳದ ನೀರಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ. ಓಣಿಯವರೆಲ್ಲ ಆ ವಾಸನೆಗೆ ಮೂಗು ಮುರಿಯುತ್ತಾರೆ. ಚಹಾದಲ್ಲಿ ಅದೇ ವಾಸನೆ, ಸಾರಿನಲ್ಲೂ ಅದೇ ವಾಸನೆ. ನಾನು ಮಾತ್ರ ನಳದ ಕೆಳಗೆ ಕೊಡ ಇಟ್ಟು, ಬಗ್ಗಿ, ಒಮ್ಮೆ ಉಸಿರು ತುಂಬ ಎಳೆದುಕೊಳ್ಳುತ್ತೇನೆ. ನೋಡಿದವರು ಈ ಮನುಷ್ಯನಿಗೆ ಏನೋ ಆಗಿದೆ ಎಂದುಕೊಂಡರೂ ಅಡ್ಡಿಯಿಲ್ಲ. ಆ ವಾಸನೆ ನನ್ನನ್ನು ಗೋಕಾಕದಲ್ಲಿ ತಗಡಿನ ಮಾಡಿನ ಕೆಳಗಿದ್ದ ಒಂದು ಈಜುಕೊಳದ ದಂಡೆಗೆ ಒಯ್ದು ನಿಲ್ಲಿಸುತ್ತದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಎದೆಯೊಳಗೊಂದು ಸ್ಟೆಂಟ್ ಇಟ್ಟುಕೊಂಡು ನಾನು ಈಜಿ, ಸೈಕಲ್ ತುಳಿದು, ಓಡಿದ ಮಳೆಗಾಲ ಅದು. ಓಡಿದೆ ಎನ್ನುವುದು ದೊಡ್ಡ ಮಾತಾಯಿತು. ಜೋರಾಗಿ ನಡೆದೆ.

ನಮ್ಮದು ಪೇಟೆಯಲ್ಲಿ ಭಾಂಡೆ ಅಂಗಡಿ. ಅಪ್ಪನ ಕಾಲದ್ದು. ಹಿತ್ತಾಳೆ, ತಾಮ್ರ, ಸ್ಟೀಲು, ಲಗ್ನಕ್ಕೆ ಕೊಡುವ ಹಂಡೆ, ಕೊಡ, ತಾಟು, ತಂಬಿಗೆ ಎಲ್ಲ ಇಟ್ಟಿದ್ದೇವೆ. ಅಂಗಡಿಯಲ್ಲಿ ತೂಕ ಮಾಡುವವನು ನಾನು, ಮಾತಾಡುವವಳು ನನ್ನ ಹೆಂಡತಿ ಸುವರ್ಣಾ. ಮೂಡಲಗಿ ಕಡೆಯ ಕುಲಗೋಡದಲ್ಲಿ ಕಬ್ಬು, ಜೋಳ ಬೆಳೆಯುವ ಮನೆಯಿಂದ ಬಂದವಳು ಅವಳು. ಗಾದಿಯ ಮೇಲೆ ಅವಳು ಕೂತಳೆಂದರೆ ದಾರಿ ಕೇಳಲು ಬಂದವರೂ ಒಂದು ತಂಬಿಗೆ ಹಿಡಿದುಕೊಂಡೇ ಹೋಗಬೇಕು. ಬಂದವರ ಊರು ಯಾವುದು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ, ಬೀಗರು ಹೇಗೆ, ಮೊಮ್ಮಕ್ಕಳೆಷ್ಟು, ಎಲ್ಲ ಕೇಳಿಯೇ ಅವಳು ಬೆಲೆಗೆ ಬರುತ್ತಿದ್ದಳು. ಅಷ್ಟೊತ್ತಿಗೆ ಬಂದವರು ಬೆಲೆಯ ವಿಚಾರವನ್ನೇ ಮರೆತಿರುತ್ತಿದ್ದರು. ಅವಳ ಮಾತಿನ ಗದ್ದಲದಲ್ಲಿ ತೂಕ ತಪ್ಪುತ್ತದೆ ಎಂದು ನಾನು ದಿನಕ್ಕೆ ನಾಲ್ಕು ಸಲವಾದರೂ ಬಯ್ಯುತ್ತಿದ್ದೆ.

ಆ ವರ್ಷ ಲಗ್ನದ ಹಂಗಾಮಿನಲ್ಲಿ, ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಲು ಏಣಿ ಹತ್ತಿದವನು ಹಂಡೆಯ ಜೊತೆಗೇ ಕೆಳಗೆ ಬಂದೆ. ಹಂಡೆಗೆ ಸಣ್ಣ ತಗ್ಗು ಬಿದ್ದಿತ್ತು. ನನಗೆ ಏನೂ ಮುರಿದಿರಲಿಲ್ಲ, ಆದರೆ ಎದೆಯ ಮೇಲೆ ಯಾರೋ ಆ ಹಂಡೆಯನ್ನು ನೀರು ತುಂಬಿ ಇಟ್ಟ ಹಾಗಿತ್ತು. ಬೆಳಗಾವಿಗೆ ಒಯ್ದರು, ಸ್ಟೆಂಟ್ ಹಾಕಿದರು, ಮನೆಗೆ ಕಳಿಸಿದರು. ಡಾಕ್ಟರು ನಗುನಗುತ್ತ, ಇನ್ನೇನೂ ಹೆದರಿಕೆಯಿಲ್ಲ, ದಿನಾ ನಡೆಯಿರಿ, ಮೈಗೆ ಕೆಲಸ ಕೊಡಿ ಎಂದರು. ನಾನು ಅವರ ಮಾತು ನಂಬಿದೆ. ಸುವರ್ಣಾ ನಂಬಲಿಲ್ಲ.

ಕಾಯಿಲೆ ನನ್ನದು, ಮಾತು ಹೋದದ್ದು ಅವಳದು. ಗಾದಿಯ ಮೇಲೆ ಕೂತರೂ ಅವಳ ಕಣ್ಣು ನನ್ನ ಮೇಲೆಯೇ ಇರುತ್ತಿತ್ತು. ಗಿರಾಕಿ ತಂಬಿಗೆಯ ಬೆಲೆ ಕೇಳಿದರೆ ಬೆಲೆ ಹೇಳುತ್ತಿದ್ದಳು, ಅಷ್ಟೆ. ಊರು ಕೇಳಲಿಲ್ಲ, ಮಗಳನ್ನು ಕೇಳಲಿಲ್ಲ. ಬಚ್ಚಲಮನೆಯ ಚಿಲಕವನ್ನು ಬಡಿಗೇರನನ್ನು ಕರೆಸಿ ತೆಗೆಸಿದಳು. ನಾನು ಸ್ನಾನಕ್ಕೆ ಹೋದರೆ ಹೊರಗೆ ನಿಂತು ತಂಬಿಗೆಯ ಸಪ್ಪಳ ಕೇಳುತ್ತಿದ್ದಳು, ಸಪ್ಪಳ ನಿಂತರೆ "ಏನ್ರಿ?" ಎನ್ನುತ್ತಿದ್ದಳು. "ಸಾಬೂನು ಹಚ್ಚಾಕತ್ತೇನಿ ಮಾರಾಯ್ತಿ" ಎಂದು ಒಳಗಿನಿಂದ ವರದಿ ಒಪ್ಪಿಸಬೇಕಿತ್ತು. ನಾನು ಮಲಗಿದಾಗ ನನ್ನ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಿದ್ದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬಂತು. ಕೊನೆಗೆ ದುಃಖ ಬಂತು, ಯಾಕೆಂದರೆ ಅವಳ ಮುಖ ಇಳಿದುಹೋಗಿತ್ತು. ಸಂಕೇಶ್ವರಕ್ಕೆ ಕೊಟ್ಟ ಮಗಳು ಫೋನ್ ಮಾಡಿದಾಗ, "ಅಪ್ಪಾ, ಅವ್ವ ಯಾಕ ಹ್ಞೂಂ, ಹ್ಞಾಂ ಅಂತಾಳ ಅಷ್ಟ?" ಎಂದು ಕೇಳುತ್ತಿದ್ದಳು. ನನ್ನ ಎದೆ ರಿಪೇರಿಯಾಗಿತ್ತು. ಅವಳದನ್ನು ರಿಪೇರಿ ಮಾಡುವವರು ಯಾವ ಊರಿನಲ್ಲಿದ್ದಾರೆ ಎಂದು ಯಾರನ್ನು ಕೇಳಲಿ?

ಡಾಕ್ಟರು ಹೇಳಿದ್ದರಿಂದ ಬೆಳಿಗ್ಗೆ ನಡೆಯಲು ಹೊರಟೆ. ಅವಳು ಗುಳಿಗೆ, ನೀರಿನ ಬಾಟಲಿ, ಫೋನು ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹಿಂದೆಯೇ ಬಂದಳು. ಚಹಾದಂಗಡಿಯ ಮುಂದೆ ಕೂತವರು ಬಿಡುತ್ತಾರೆಯೇ? "ಸಾವಕಾರ್ರ, ಲಗ್ನ ಆದ ಹೊಸದಾಗೂ ಹಿಂಗ ಜೋಡಿಲೆ ಅಡ್ಡಾಡಿರಲಿಲ್ಲ ನೀವು" ಎಂದರು. ನಾನು ನಕ್ಕೆ, ಅವಳು ನಗಲಿಲ್ಲ. ಕಬ್ಬಿನ ಟ್ರ್ಯಾಕ್ಟರು ಎದುರಿಗೆ ಬಂದರೆ ನನ್ನ ತೋಳು ಹಿಡಿದು ಗಟಾರದ ಕಡೆಗೆ ಎಳೆಯುತ್ತಿದ್ದಳು. ನಾಯಿ ಬೊಗಳಿದರೆ ನನಗಿಂತ ಮುಂದೆ ನಿಲ್ಲುತ್ತಿದ್ದಳು. ಒಂದು ವಾರದಲ್ಲಿ ಅವಳ ತೀರ್ಮಾನ ಬಂತು. "ನೀವು ಹೊರಗ ಅಡ್ಡಾಡೂದ ಬ್ಯಾಡ್ರಿ. ಏನಿದ್ರೂ ಒಳಗ ಮಾಡ್ರಿ. ತಲಿ ಮ್ಯಾಲೆ ಮಾಡು ಇರಬೇಕು, ನಾನು ಕಣ್ಣಿಗೆ ಕಾಣಬೇಕು."

ಹೀಗೆ ನಾನು ಜಿಮ್ಮಿಗೆ ಸೇರಿದೆ. ಹುಕ್ಕೇರಿಯಲ್ಲಿ ಒಂದು ಕಿರಾಣಿ ಅಂಗಡಿಯ ಮಾಳಿಗೆಯ ಮೇಲೆ ಹುಡುಗರು ತೋಳು ಉಬ್ಬಿಸಿಕೊಳ್ಳುವ ಜಾಗ ಅದು. ಒಂದು ಮೂಲೆಯಲ್ಲಿ ನಡೆಯುವ ಯಂತ್ರ, ಇನ್ನೊಂದು ಮೂಲೆಯಲ್ಲಿ ಎಲ್ಲಿಗೂ ಹೋಗದ ಸೈಕಲ್ಲು. ಬಾಜೂದಲ್ಲೊಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಚೀಲ ಹಿಡಿದ ಸುವರ್ಣಾ. ಹುಡುಗರು ಪಾಪ, ಅವಳನ್ನು ನೋಡಿ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳತೊಡಗಿದರು. ಅಲ್ಲಿ ಕಲಿಸುತ್ತಿದ್ದವನು ಇರ್ಫಾನ್, ಮೂಡಲಗಿಯವನು. ವಾರದಲ್ಲಿ ಎರಡು ದಿನ ನಮ್ಮಲ್ಲಿ, ಉಳಿದ ದಿನ ಗೋಕಾಕದ ಒಂದು ದೊಡ್ಡ ಜಿಮ್ಮಿನಲ್ಲಿ ಅವನ ಕೆಲಸ. ಮೆದು ಮಾತಿನವನು. ನನ್ನ ನಾಡಿ ಹಿಡಿದು, ಯಂತ್ರದ ವೇಗ ಒಂದೊಂದೇ ಹೆಚ್ಚಿಸುತ್ತಿದ್ದ. ಪ್ರತಿ ಸಲ ಹೆಚ್ಚಿಸುವ ಮೊದಲು ನನ್ನನ್ನಲ್ಲ, ಸುವರ್ಣಾಳನ್ನು ನೋಡುತ್ತಿದ್ದ. ಅವಳು ತಲೆ ಅಲ್ಲಾಡಿಸಿದರೆ ಸುಮ್ಮನಾಗುತ್ತಿದ್ದ.

ಕಾರಹುಣ್ಣಿಮೆ ಕಳೆದ ಮೇಲೆ ಒಂದು ದಿನ ಅವನು ಸುದ್ದಿ ತಂದ. ಗೋಕಾಕದ ಅವರ ಜಿಮ್ಮಿನಲ್ಲಿ ಮಾಡಿನ ಕೆಳಗೇ ಈಜುಕೊಳ ಕಟ್ಟಿದ್ದಾರೆ, ಶ್ರಾವಣ ಮುಗಿದ ಮೇಲೆ ಒಂದು ರವಿವಾರ ಸ್ಪರ್ಧೆ ಇಟ್ಟಿದ್ದಾರೆ. ಒಳಾಂಗಣ ಟ್ರಯಾಥ್ಲಾನ್ ಎಂದು ಅದರ ಹೆಸರು. ಗೊತ್ತು ಮಾಡಿದಷ್ಟು ಹೊತ್ತು ಈಜುವುದು, ಆಮೇಲೆ ಅಲ್ಲೇ ಸೈಕಲ್ ತುಳಿಯುವುದು, ಆಮೇಲೆ ಅಲ್ಲೇ ಯಂತ್ರದ ಮೇಲೆ ಓಡುವುದು. ಆ ಹೊತ್ತಿನಲ್ಲಿ ಯಾರು ಎಷ್ಟು ದೂರ ಹೋದರು ಎಂದು ಕೂಡಿಸುತ್ತಾರೆ. "ವಯಸ್ಸಾದವರದು ಬ್ಯಾರೆ ಗುಂಪು ಐತ್ರಿ. ಯಾರನ್ನೂ ಸೋಲಿಸೂದು ಬ್ಯಾಡ. ಸುಮ್ಮನ ಮುಗಸಿದ್ರ ಆತು" ಎಂದ.

ನನ್ನ ಮನಸ್ಸು ಅಲ್ಲೇ ನೆಟ್ಟಿತು. ಪದಕದ ಆಸೆ ಏನೂ ಇರಲಿಲ್ಲ, ಭಾಂಡೆ ಅಂಗಡಿಯವನಿಗೆ ಪದಕದ ತೂಕ ಗೊತ್ತು. ನನಗಿದ್ದ ಆಸೆ ಒಂದೇ. ನಾನು ಈಜುವುದನ್ನು, ತುಳಿಯುವುದನ್ನು, ಬೆವರು ಸುರಿಸಿಕೊಂಡು ಓಡುವುದನ್ನು ಸುವರ್ಣಾ ಕಣ್ಣಾರೆ ನೋಡಬೇಕು, ನನ್ನ ಜೀವದ ಮೇಲಿಟ್ಟ ಕಾವಲನ್ನು ತೆಗೆಯಬೇಕು. ಡಾಕ್ಟರು ಹೇಳಿದರೆ ನಂಬದವಳು ಕಣ್ಣಿಂದ ಕಂಡರೆ ನಂಬಿಯಾಳು. ಇಲ್ಲದಿದ್ದರೆ ನಾವಿಬ್ಬರೂ ಉಳಿದ ಆಯುಷ್ಯವನ್ನು ಹೀಗೇ, ಒಬ್ಬರು ಮಲಗಿ ಒಬ್ಬರು ಕಾದು ಕಳೆಯುತ್ತೇವೆ ಎನ್ನಿಸಿತು.

"ನೀರಿಗೆ ಇಳೀತೀರಾ?" ಎಂದಳು ಅವಳು. ಬೆಳಗಾವಿಗೆ ಹೋಗಿ ಡಾಕ್ಟರ ಮುಂದೆ ಕೂತು ಅವಳೇ ಎಲ್ಲ ಕೇಳಿದಳು. ಅವರು ಪರೀಕ್ಷೆ ಮಾಡಿ, "ಮಾಡ್ಲಿ ಬಿಡ್ರಿ ಅಮ್ಮಾ. ಏದುಸಿರು ಬಂತಂದ್ರ ನಿಂದರ್ರಿ ಅಂತ ಹೇಳ್ರಿ" ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ, "ಮಾಡ್ನ ಕೆಳಗ ಅಂದ್ರ ಆತು" ಎಂದಳು. ನನಗೆ ಅಷ್ಟು ಸಾಕಾಯಿತು.

ಆ ಮಳೆಗಾಲವೆಲ್ಲ ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಗೋಕಾಕದ ಬಸ್ಸು ಹಿಡಿದೆವು. ಘಟಪ್ರಭೆಯ ಸೇತುವೆ ದಾಟುವಾಗ ನೀರು ವಾರವಾರಕ್ಕೆ ಏರುತ್ತಿರುವುದು ಕಾಣುತ್ತಿತ್ತು. ಬಸ್ಸಿನ ತುಂಬ ಫಾಲ್ಸ್ ನೋಡಲು ಹೊರಟ ಹುಡುಗರು, ಕೊಡೆಯ ನೀರು ನಮ್ಮ ಮೇಲೆ ಸುರಿಯುವ ಹೆಂಗಸರು. ನನ್ನ ಚೀಲದಲ್ಲಿ ಈಜುವ ಚಡ್ಡಿ, ಅವಳ ಚೀಲದಲ್ಲಿ ಗುಳಿಗೆ ಮತ್ತು ರೊಟ್ಟಿಯ ಬುತ್ತಿ. ಎಲ್ಲರೂ ಸುರಿಯುವ ನೀರು ನೋಡಲು ಹೋಗುತ್ತಿದ್ದರೆ ನಾವು ನಿಂತ ನೀರು ಹುಡುಕಿಕೊಂಡು ಹೋಗುತ್ತಿದ್ದೆವು.

ಈಜು ನನಗೆ ಬರುತ್ತಿತ್ತು. ಆದರೆ ಅದು ಬಾವಿಯ ಈಜು. ಲಗ್ನವಾದ ಹೊಸದರಲ್ಲಿ ಕುಲಗೋಡದ ತೋಟದ ಬಾವಿಯಲ್ಲಿ ಸುವರ್ಣಾಳ ಅಣ್ಣಂದಿರು ನನ್ನ ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ದಬ್ಬಿದ್ದರು. ದಬ್ಬಿದವರು ಅವರು, ಕಲಿಸಿದವಳು ಇವಳು. ಮೀನಿನ ಹಾಗೆ ಈಜುತ್ತಿದ್ದಳು ಆಗ. ಪೇಟೆಯ ಅಳಿಯ ಬುರುಡೆ ಕಟ್ಟಿಕೊಂಡು ಒದ್ದಾಡುವುದನ್ನು ನೋಡಲು ಅರ್ಧ ಊರು ಬಾವಿಯ ಸುತ್ತ ಕೂತಿತ್ತು. ಆ ಬಾವಿ ದುಂಡಗಿತ್ತು. ಅಲ್ಲಿ ಕಲಿತವರು ಎಲ್ಲರೂ ಗೋಡೆಯ ಗುಂಟ ಎಡಕ್ಕೆ ಸುತ್ತು ಹೊಡೆಯುತ್ತಾರೆ, ತಲೆ ನೀರಿನ ಮೇಲೆ ಎತ್ತಿ ಹಿಡಿದಿರುತ್ತಾರೆ. ಗೋಕಾಕದ ಕೊಳದಲ್ಲಿ ಒಬ್ಬೊಬ್ಬರಿಗೂ ಹಗ್ಗ ಕಟ್ಟಿ ಉದ್ದ ಪಟ್ಟಿ ಮಾಡಿದ್ದರು. ನಾನು ನಾಲ್ಕು ಕೈ ಹಾಕುವುದರೊಳಗೆ ಎಡಕ್ಕೆ ವಾಲಿ ಹಗ್ಗಕ್ಕೆ ತಗಲುತ್ತಿದ್ದೆ, ಕೆಲವೊಮ್ಮೆ ಹಗ್ಗದ ಕೆಳಗೆ ನುಸುಳಿ ಬಾಜೂದವರ ಪಟ್ಟಿಯಲ್ಲಿ ಏಳುತ್ತಿದ್ದೆ. "ಸಾವಕಾರ್ರ, ಇದು ಬಾವಿ ಅಲ್ರಿ. ನೆಟ್ಟಗ ಹೋಗ್ರಿ" ಎಂದು ಇರ್ಫಾನ್ ದಂಡೆಯ ಮೇಲೆ ನನ್ನ ಸಮಕ್ಕೆ ನಡೆಯುತ್ತ ಹೇಳುತ್ತಿದ್ದ. ಇಷ್ಟು ವರ್ಷ ಸುತ್ತು ಹೊಡೆದ ಮೈಗೆ ನೆಟ್ಟಗೆ ಹೋಗುವುದು ಕಲಿಯಲು ಮಳೆಗಾಲವೇ ಬೇಕಾಯಿತು. ಸುವರ್ಣಾಗೆ ಈ ನನ್ನ ಪಾಡು ನೋಡಿ ನಗು ಬರಬೇಕಿತ್ತು. ಅವಳು ಸೀರೆಯ ಸೆರಗನ್ನು ನಡುವಿಗೆ ಬಿಗಿದು ನಿಂತಿರುತ್ತಿದ್ದಳು. ಏಕೆಂದು ಮೊದಲು ತಿಳಿಯಲಿಲ್ಲ. ಇರ್ಫಾನ್ ಕೇಳಿಯೇಬಿಟ್ಟ. "ಅವರು ಮುಳುಗಿದ್ರ ಹಾರಾಕ ಬೇಕಲ್ರಿ" ಎಂದಳು.

ಸ್ಪರ್ಧೆಗೆ ಒಂದು ನಿಯಮವಿತ್ತು. ಸೈಕಲ್ಲಿಗೂ ಓಟದ ಯಂತ್ರಕ್ಕೂ ದೂರ ತೋರಿಸುವ ಪರದೆ ಇದೆ, ನೀರಿಗೆ ಇಲ್ಲ. ಹೀಗಾಗಿ ಈಜುವವರು ತಮ್ಮ ಎಣಿಕೆಗೆ ತಾವೇ ಒಬ್ಬರನ್ನು ಕರೆದುಕೊಂಡು ಬರಬೇಕು. ಪಟ್ಟಿಯ ತುದಿಯಲ್ಲಿ ಅವರಿಗೆ ಕುರ್ಚಿ, ಎರಡು ಬಟ್ಟಲು, ಒಂದು ಮುಷ್ಟಿ ಹುಣಸೆಬೀಜ. ಈಜುವವರು ಆಚೆ ದಂಡೆ ಮುಟ್ಟಿ ತಿರುಗಿ ಬಂದು ಈಚೆ ಮುಟ್ಟಿದರೆ ಒಂದು ಬೀಜ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ. ಮಗಳು ತಾನು ಬರುತ್ತೇನೆ ಎಂದಳು. ಸುವರ್ಣಾ ಒಪ್ಪಲಿಲ್ಲ. "ನೀ ಬರಬ್ಯಾಡ. ಲಗ್ನದ ಭಾಂಡೆ ಎಲ್ಲಾ ನಾನ ಎಣಿಸಿ ಕಳಸಾಕಿ. ಇಷ್ಟ ವರ್ಷ ಒಂದ ತಂಬಿಗಿ ಹೆಚ್ಚುಕಡಿಮಿ ಆಗಿಲ್ಲ. ಇವರನ್ನ ಎಣಿಸಾಕ ಆಗೂದಿಲ್ಲೇನು?" ಎಂದಳು. ನಾನು ಏಣಿಯಿಂದ ಬಿದ್ದ ಮೇಲೆ ಅವಳು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ರವಿವಾರ ಬೆಳಿಗ್ಗೆಯಿಂದಲೇ ಮಳೆ. ತಗಡಿನ ಮೇಲೆ ಬೀಳುವ ಸಪ್ಪಳಕ್ಕೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಹೆಣ್ಣುಮಕ್ಕಳ ಈಜು ಮೊದಲು ಮುಗಿದಿತ್ತು. ನಮ್ಮ ಗುಂಪಿನಲ್ಲಿ ನಿವೃತ್ತ ಪೊಲೀಸರು, ಬ್ಯಾಂಕಿನವರು, ಹೊಟ್ಟೆ ಒಳಗೆ ಎಳೆದುಕೊಂಡು ನಿಂತ ಒಬ್ಬ ಗುತ್ತಿಗೆದಾರರು, ಮತ್ತು ನಾನು. ಚಡ್ಡಿಯಲ್ಲಿ ನಿಂತಾಗ ಎಲ್ಲ ಗಂಡಸರೂ ಒಂದೇ ಎನ್ನುವುದು ಅಲ್ಲಿ ತಿಳಿಯಿತು. ಸುವರ್ಣಾ ಕುರ್ಚಿಯಲ್ಲಿ ಕೂತು ಬೀಜಗಳನ್ನು ಕೈಗೆ ತೆಗೆದುಕೊಂಡಳು. ಸೀಟಿ ಊದಿದರು.

ನಾನು ನೆಟ್ಟಗೆ ಹೋದೆ. ಮೊದಲ ಸಲ ಆಚೆ ದಂಡೆ ಮುಟ್ಟಿದಾಗ ಹಗ್ಗ ನನಗೆ ತಗಲಿರಲಿಲ್ಲ. ನನಗೇ ಆಶ್ಚರ್ಯವಾಯಿತು. ತಿರುಗಿ ಬಂದೆ, ಮತ್ತೆ ಹೋದೆ. ಉಸಿರು ಹದಕ್ಕೆ ಬಂತು. ಏದುಸಿರು ಬಂದಲ್ಲಿ ದಂಡೆ ಹಿಡಿದು ನಿಂತು, ಮತ್ತೆ ಹೊರಟೆ. ಇಷ್ಟು ಚೆಂದ ನಾನು ಕುಲಗೋಡದಲ್ಲೂ ಈಜಿರಲಿಲ್ಲ, ಹರೆಯದಲ್ಲೂ ಈಜಿರಲಿಲ್ಲ. ಕೊನೆಯ ಸೀಟಿಗೆ ದಂಡೆ ಹಿಡಿದು ತಲೆ ಎತ್ತಿದಾಗ ನನ್ನ ಮುಖದಲ್ಲಿ ಗೆದ್ದವನ ಕಳೆ ಇದ್ದಿರಬೇಕು.

ಇರ್ಫಾನ್ ಕಾಗದ ಹಿಡಿದು ಬಂದು ಬಟ್ಟಲು ನೋಡಿದ. ಎರಡೂ ಖಾಲಿ. "ಅಕ್ಕಾರ, ಬೀಜ ಎಲ್ಲ್ಯಾವ್ರಿ?" ಸುವರ್ಣಾ ಬಲಗೈ ಬಿಚ್ಚಿದಳು. ಎಲ್ಲ ಬೀಜಗಳೂ ಅವಳ ಮುಷ್ಟಿಯಲ್ಲೇ ಇದ್ದವು. ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಗುರುತು ಮೂಡಿದ್ದವು.

"ಎಣಿಸಲಿಲ್ಲೇನು?" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಜನ್ಮದಲ್ಲಿ ಒಮ್ಮೆ ನೆಟ್ಟಗೆ ಈಜಿದ್ದಕ್ಕೆ ಸಾಕ್ಷಿಯೇ ಇಲ್ಲವಲ್ಲ ಎಂದು ಸಿಟ್ಟು ಬಂತು.

"ನೀವು ಆ ದಂಡಿಗೆ ಹೋದ್ರ ತಿರುಗಿ ಬರ್ತೀರೋ ಇಲ್ಲೋ ಅಂತ ನೋಡಾಕತ್ತಿದ್ದೆ" ಎಂದಳು. "ಬಂದ್ರಿ ಅನ್ನೂದ್ರಾಗ ಮತ್ತ ಹ್ವಾದ್ರಿ. ಅದರಾಗ ಎಣಿಕಿ ಎಲ್ಲಿ ಬರ್ತೈತ್ರಿ?"

ನನ್ನ ಸಿಟ್ಟು ಅಲ್ಲೇ ಇಳಿಯಿತು. ನನಗೆ ಅದು ಈಜು. ಅವಳಿಗೆ ಪ್ರತಿ ಸಲವೂ ಬೆಳಗಾವಿಯ ಆಸ್ಪತ್ರೆಯ ಹೊರಗೆ ನಿಂತ ಹಾಗೆ. ನಾನು ಎಷ್ಟು ಸಲ ಆಚೆ ದಂಡೆಗೆ ಹೋದೆನೋ ಅಷ್ಟು ಸಲ ಅವಳು ನನ್ನನ್ನು ಕಳೆದುಕೊಂಡು ಕೂತಿದ್ದಳು. ತೋರಿಸಿದರೆ ನಂಬುತ್ತಾಳೆ ಎಂದು ನಾನು ಹಾಕಿದ್ದ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಇರ್ಫಾನ್ ಇಬ್ಬರ ಮುಖವನ್ನೂ ನೋಡಿ, ಎಣಿಕೆ ಇಲ್ಲದೆ ಬರೆಯಲು ಬರುವುದಿಲ್ಲ, ಬೇಕಾದರೆ ಎಲ್ಲ ಮುಗಿದ ಮೇಲೆ ಸಂಜೆಯ ಕಡೆಯ ತಂಡದಲ್ಲಿ ಇನ್ನೊಮ್ಮೆ ಈಜಬಹುದು, ಬೇಡವಾದರೆ ಬಿಡಬಹುದು ಎಂದ. "ಬ್ಯಾಡ್ರಿ" ಎಂದಳು ಸುವರ್ಣಾ. ನಾನೂ ಬೇಡವೆಂದೆ.

ಮೈ ಒರೆಸಿಕೊಂಡು ಸೈಕಲ್ ಹತ್ತಿದೆ. ನಿಂತಲ್ಲೇ ತುಳಿಯುವಾಗ ಮನಸ್ಸಿಗೆ ಬೇರೆ ಕೆಲಸವಿರುವುದಿಲ್ಲ. ಎದುರಿಗೆ ಕನ್ನಡಿ, ಕನ್ನಡಿಯಲ್ಲಿ ನಾನು, ನನ್ನ ಹಿಂದೆ ಬಾಗಿಲಿಗೆ ಒರಗಿ ನಿಂತ ಅವಳು. ಎಷ್ಟು ತುಳಿದರೂ ಇಬ್ಬರ ನಡುವಿನ ದೂರ ಅಷ್ಟೇ ಇತ್ತು. ಪಾಪ ಎನ್ನಿಸಿತು. ನನ್ನ ಮೇಲಲ್ಲ, ಅವಳ ಮೇಲೆ. ಇದೆಲ್ಲ ಸಾಕು, ಮುಗಿಸಿ ಮನೆಗೆ ಹೋಗಿ ಅವಳು ಹೇಳಿದ ಹಾಗೆ ಇದ್ದುಬಿಡೋಣ ಎಂದು ನಿರ್ಧಾರ ಮಾಡಿದೆ.

ಓಟದ ಯಂತ್ರದಲ್ಲಿ ನನ್ನ ಬಾಜೂಕ್ಕೆ ಮಹಾದೇವಿ ಎಂಬುವರು ಬಂದರು. ಮೂಡಲಗಿಯ ಅಂಗನವಾಡಿ ಟೀಚರು, ನಲವತ್ತೈದರ ಆಸುಪಾಸು, ಚೂಡಿದಾರದ ಮೇಲೆ ಓಡುವ ಬೂಟು ಹಾಕಿದ್ದರು. ನಾನು ಜೋರಾಗಿ ನಡೆದೆ, ಅವರು ನಿಜವಾಗಿಯೇ ಓಡಿದರು. ಓಡುತ್ತಲೇ ಒಮ್ಮೆ ನನ್ನ ಕಡೆ ತಿರುಗಿ, "ಚಲೋ ನಡದೀರಿ ಬಿಡ್ರಿ ಕಾಕಾರ" ಎಂದರು. ಅವರಿಗಿಂತ ಹನ್ನೆರಡು ಹದಿಮೂರು ವರ್ಷಕ್ಕಷ್ಟೇ ದೊಡ್ಡವನಾದ ನನಗೆ ಕಾಕಾ ಎನ್ನಿಸಿಕೊಂಡ ಸಂಕಟಕ್ಕೆ ಕಾಲು ಇನ್ನಷ್ಟು ಚುರುಕಾದವು. ಗಂಟೆ ಬಾರಿಸಿದರು. ಯಂತ್ರದ ಪಟ್ಟಿ ನಿಂತಿತು. ಇಳಿದು, ಕಂಬಿ ಹಿಡಿದು, ಬಾಯಿ ತೆರೆದು ಉಸಿರಾಡುತ್ತ ನಿಂತೆ. ಅಂಗಿ ಒದ್ದೆ, ಕಿವಿಯವರೆಗೆ ಬಿಸಿ.

ಸುವರ್ಣಾ ಓಡಿ ಬಂದು ನನ್ನ ಎದೆಯ ಮೇಲೆ ಕೈ ಇಟ್ಟಳು. ಜನರ ನಡುವೆ ಹೀಗೆ ಮಾಡುವವಳಲ್ಲ ಅವಳು. ಮುಖ ಬಿಳುಚಿತ್ತು. "ಎಷ್ಟ ಜೋರ ಬಡ್ಕೊಳ್ಳಾಕತ್ತೈತ್ರಿ ಇದು. ಕುಂಡರ್ರಿ, ಕುಂಡರ್ರಿ ಮೊದಲ" ಎಂದು ಚೀಲದಲ್ಲಿ ಗುಳಿಗೆಗೆ ತಡಕಾಡಿದಳು.

"ಓಡಿದ್ರ ಬಡ್ಕೊಳ್ಳತೈತಿ" ಎಂದೆ. ಅಷ್ಟೇ ಹೇಳಲು ಉಸಿರಿತ್ತು.

ಮಹಾದೇವಿ ಮುಖ ಒರೆಸಿಕೊಳ್ಳುತ್ತ ಇದನ್ನೆಲ್ಲ ನೋಡುತ್ತಿದ್ದರು. ಏನು ತಿಳಿಯಿತೋ, ನಮ್ಮ ಹತ್ತಿರ ಬಂದು, ಗುಳಿಗೆ ಹುಡುಕುತ್ತಿದ್ದ ಸುವರ್ಣಾಳ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. "ನಂದೂ ನೋಡ್ರಿ ಅಕ್ಕಾರ" ಎಂದರು.

ಸುವರ್ಣಾ ಕೈ ಕಿತ್ತುಕೊಳ್ಳಲಿಲ್ಲ. ಒಂದು ಕೈ ಅವರ ಎದೆಯ ಮೇಲೆ, ಇನ್ನೊಂದು ನನ್ನ ಎದೆಯ ಮೇಲೆ ಇಟ್ಟು, ತಲೆ ತುಸು ವಾಲಿಸಿ, ಎರಡು ತಾಮ್ರದ ಕೊಡಗಳನ್ನು ಬಡಿದು ದನಿ ನೋಡುವ ಹಾಗೆ ನಿಂತಳು. ಬಹಳ ಹೊತ್ತು ನಿಂತಳು. ನಾವಿಬ್ಬರೂ ಏದುಸಿರು ಬಿಡುತ್ತ ಸುಮ್ಮನೆ ನಿಂತೆವು. ಅಂಥ ಪರೀಕ್ಷೆ ಬೆಳಗಾವಿಯಲ್ಲೂ ಆಗಿರಲಿಲ್ಲ.

"ನಿಮಗೇನರ ಐತೇನ್ರಿ ಮತ್ತ?" ಎಂದು ಅವರನ್ನು ಕೇಳಿದಳು.

"ಏನಿಲ್ರಿ. ಹಸಿವಾಗೈತಿ" ಎಂದರು ಮಹಾದೇವಿ.

"ನಿಮ್ಮದು ಇವರ್ಕಿಂತ ಜೋರ ಐತಿ" ಎಂದಳು ಸುವರ್ಣಾ. ಎಂದವಳು ಸಣ್ಣಗೆ ನಕ್ಕಳು. ಲಗ್ನದ ಹಂಗಾಮಿನ ನಂತರ ನಾನು ಕಂಡ ಮೊದಲ ನಗು ಅದು. ಎದೆ ಬಡಿದುಕೊಳ್ಳುವುದೆಂದರೆ ಕೆಡುವುದು ಎಂದಷ್ಟೇ ತಿಳಿದಿದ್ದವಳಿಗೆ, ಒಳ್ಳೆಯ ಎದೆಯೂ ಹೀಗೇ ಬಡಿದುಕೊಳ್ಳುತ್ತದೆ ಎಂದು ಕೈಯಾರೆ ಮುಟ್ಟಿ ತಿಳಿಯಬೇಕಿತ್ತು. ನಾನು ಆರು ತಿಂಗಳು ಹೇಳಿ ತಿಳಿಸಲಾಗದ್ದನ್ನು ಆ ಹೆಣ್ಣುಮಗಳು ಒಂದು ಗಳಿಗೆಯಲ್ಲಿ ತಿಳಿಸಿದ್ದರು.

ಮೂವರೂ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ. ಮಹಾದೇವಿ ಬೇಡ ಬೇಡ ಎನ್ನುತ್ತಲೇ ಚೆನ್ನಾಗಿ ಉಂಡರು. ಊಟ ಮುಗಿದು ಬಹಳ ಹೊತ್ತಾದ ಮೇಲೆ, ಬ್ಯಾಂಕಿನವರೆಲ್ಲ ಪದಕ ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದಾಗ, ಸುವರ್ಣಾ ಡಬ್ಬಿಯ ಮುಚ್ಚಳ ಒತ್ತುತ್ತ, ನನ್ನ ಕಡೆ ನೋಡದೆ ಹೇಳಿದಳು.

"ದಣಿವು ಕಮ್ಮಿ ಆಗಿದ್ರ ಇನ್ನೊಮ್ಮೆ ಈಜ್ರಿ. ಈ ಸಲ ಎಣಸ್ತೇನಿ."

ಮತ್ತೆ ಕೇಳಿದರೆ ಮನಸ್ಸು ಬದಲಿಸಿಯಾಳು ಎಂದು ಚಡ್ಡಿ ಹಾಕಿಕೊಳ್ಳಲು ಓಡಿದೆ.

ಕಡೆಯ ತಂಡದಲ್ಲಿ ನಾವು ಮೂರೇ ಜನ. ಮಳೆ ನಿಂತಿತ್ತು, ತಗಡು ಸುಮ್ಮನಾಗಿತ್ತು. ಈಗ ಕೊಳದ ಒಳಗಿನ ಸಣ್ಣ ಸಪ್ಪಳವೂ ಕೇಳಿಸುತ್ತಿತ್ತು. ಸುವರ್ಣಾಳ ಬಾಜೂ ಕುರ್ಚಿ ಖಾಲಿಯಿದ್ದುದರಿಂದ ಮಹಾದೇವಿ ಬಂದು ಕೂತರು. ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೀಟಿಯಾಯಿತು. ಅವಸರವಿಲ್ಲದೆ ಹೊರಟೆ. ಆಚೆ ದಂಡೆ ಮುಟ್ಟಿ ತಿರುಗಿ ಬಂದು ಈಚೆ ದಂಡೆಗೆ ಕೈ ಹಚ್ಚಿದಾಗ ತಲೆಯ ಮೇಲೆ ಅವಳ ದನಿ ಕೇಳಿತು.

"ಲಾಭ."

ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಂಗಡಿಯ ಭಾಂಡೆಗಳನ್ನು ಅವಳು ಎಂದೂ ಹಾಗೆ ಎಣಿಸಿದವಳಲ್ಲ, ಅಲ್ಲಿ ಒಂದಕ್ಕೆ ಒಂದೇ. ಮಾರಿ ಕಳಿಸುವುದಕ್ಕೆ ಆ ಎಣಿಕೆ ಸಾಕು. ಇದು ಕುಲಗೋಡದ ಕಣದ ಎಣಿಕೆ, ಮನೆಗೆ ಬರುವ ಕಾಳಿನದು. ನಾನು ಮತ್ತೆ ನೀರಿಗೆ ಮುಖ ಹಾಕಿದೆ. ಅತ್ತುಬಿಟ್ಟೆ. ಕೊಳದಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಯಾರಿಗೂ ಗೊತ್ತಾಗುವುದಿಲ್ಲ.

"ಎರಡು" ಎಂದಳು. "ಮೂರು" ಎಂದಳು. ನಾಲ್ಕೂ ಕೇಳಿಸಿತು. ಆಮೇಲೆ ದನಿ ನಿಂತಿತು.

ದಂಡೆ ಮುಟ್ಟಿ ತುಸು ಕಾದೆ. ಏನೂ ಕೇಳಲಿಲ್ಲ. ಈಗ ಹೆದರುವ ಸರದಿ ನನ್ನದಾಯಿತು. ಮತ್ತೆ ಮುಷ್ಟಿ ಬಿಗಿದು ಕೂತಳೋ ಏನೋ ಎಂದು ಕಣ್ಣಿನ ನೀರು ಒರೆಸಿಕೊಂಡು ತಲೆ ಎತ್ತಿ ನೋಡಿದೆ. ಅವಳು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕುರ್ಚಿಯಲ್ಲಿ ಅಡ್ಡ ತಿರುಗಿ, ಒಂದು ಕಾಲು ಮಡಚಿ, ಮಹಾದೇವಿಯವರ ಮೊಣಕೈ ಹಿಡಿದುಕೊಂಡು ಮಾತಿಗೆ ಬಿದ್ದಿದ್ದಳು.

"ಮಗಳನ್ನ ಯಾವ ಊರಿಗೆ ಕೊಡಾಕತ್ತೀರಿ? ದಡ್ಡಿಗಾ? ದಡ್ಡಿಯವರು ನಮ್ಮ ಅಂಗಡಿಗೇ ಬರ್ತಾರ್ರಿ. ಅತ್ತಿ ಹೆಂಗದಾಳ? ಹಂಡೆ ಮಾತ್ರ ತಾಮ್ರದ್ದ ಕೊಡ್ರಿ ಅಕ್ಕಾರ, ಸ್ಟೀಲಿಂದು ಕೊಟ್ರ ಬೀಗರು ಜನ್ಮಪೂರ್ತಿ ಅಂತಾರ."

ನಾನು ದಂಡೆ ಬಿಟ್ಟು ಮತ್ತೆ ಈಜಿದೆ. ಆರು ತಿಂಗಳಲ್ಲಿ ಮೊದಲ ಸಲ ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಮೈ ಅಷ್ಟು ಹಗುರಾಗಿದ್ದು ನನಗೆ ನೆನಪಿಲ್ಲ. ಎಡಕ್ಕೆ ವಾಲಿದೆನೋ, ಹಗ್ಗಕ್ಕೆ ತಗಲಿದೆನೋ, ಎಷ್ಟು ಸಲ ಹೋಗಿ ಬಂದೆನೋ ಒಂದೂ ತಿಳಿಯಲಿಲ್ಲ. ಪ್ರತಿ ಸಲ ಈಚೆ ದಂಡೆಗೆ ಬಂದಾಗ ತಾಟು, ಬೀಗರು, ತೂಕ, ಮೊಮ್ಮಕ್ಕಳು ಎಂದು ಒಂದೊಂದು ತುಣುಕು ಕಿವಿಗೆ ಬೀಳುತ್ತಿತ್ತು. ಅದನ್ನೇ ಕೇಳಲು ಬೇಗ ಬೇಗ ತಿರುಗಿ ಬರುತ್ತಿದ್ದೆ.

ಕೊನೆಯ ಸೀಟಿಯಾಯಿತು. ಇರ್ಫಾನ್ ಕಾಗದ ಹಿಡಿದು ಬಂದು ಬಟ್ಟಲಿನೊಳಗೆ ಇಣುಕಿದ. ಈ ಸಲ ಬೀಜ ತುಂಬ ಇದ್ದವು. ಅವನ ಹುಬ್ಬು ಮೇಲೇರಿತು. "ಅಬಬಾ, ಸಾವಕಾರ್ರ, ಇಷ್ಟ ಸಲ ಹೋಗಿ ಬಂದ್ರೇನ್ರಿ?" ಎಂದ.

"ಏ, ಅವು ಇವರವಲ್ಲ" ಎಂದು ಸುವರ್ಣಾ ಬಟ್ಟಲಿಗೆ ಕೈ ಅಡ್ಡ ಹಿಡಿದಳು. "ಅವು ಅಕ್ಕಾರು ಮಗಳ ಲಗ್ನಕ್ಕ ಹೇಳಿದ ತಂಬಿಗಿ. ಕಲಸಬ್ಯಾಡ್ರಿ, ಈ ಕಡೀವು ತಾಟು."

ಅವನು ಪೆನ್ನು ಹಿಡಿದು ಹಾಗೆಯೇ ನಿಂತ. "ಮತ್ತ ಇವರಿಗೆ ಎಷ್ಟ ಬರೀಲ್ರಿ?"

ಸುವರ್ಣಾ ನಾಲಗೆ ಕಚ್ಚಿಕೊಂಡಳು. ಮಹಾದೇವಿಯವರನ್ನು ನೋಡಿದಳು, ಬಟ್ಟಲು ನೋಡಿದಳು, ಆಮೇಲೆ ಕೆಳಗೆ ಎದೆಯವರೆಗೆ ನೀರಿನಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ತಪ್ಪು ತನ್ನದಾದಾಗ ಅಂಗಡಿಯಲ್ಲಿ ಅವಳು ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು.

"ನಿಮಗ ಎಣಸ್ಕೊಳ್ಳಾಕ ಬರೂದಿಲ್ಲೇನ್ರಿ?" ಎಂದು ನನ್ನನ್ನೇ ಗದರಿಸಿದಳು. "ಎಲ್ಲಾ ನಾನ ನೋಡಬೇಕೇನು?"

"ಇಲ್ಲ ಮಾರಾಯ್ತಿ" ಎಂದೆ. "ಇನ್ನ ನಾನ ಎಣಸ್ಕೋತೇನಿ."

ಇರ್ಫಾನ್ ನನ್ನ ಹೆಸರಿನ ಮುಂದೆ ಈಜಿನ ಅಂಕಣದಲ್ಲಿ ಒಂದು ಅಡ್ಡಗೆರೆ ಎಳೆದ. ಸುವರ್ಣಾ ಆಗಲೇ ಮಹಾದೇವಿಯವರ ಕಡೆಗೆ ತಿರುಗಿ, ತಾಟು ಎಲ್ಲಿಗೆ ಬಿಟ್ಟಿದ್ದೆವು ಎಂದು ಕೇಳುತ್ತಿದ್ದಳು.